ನಾಯಕರ ಪಂಚನಾಮೆ

ಸೂರ್ಯ ಮೂಡಿದ ಎಂದು ನೀವು ಹೇಳಿದರೆ ನಮ್ಮ ದೊಡ್ಡಪ್ಪ ನಂಬುತ್ತಿರಲಿಲ್ಲ. ‘ಯಾರು ನೋಡ್ಯಾರ?’ ಎಂದು ಕೇಳುತ್ತಿದ್ದ! ನೋಡಿದವರು ಐದು ಮಂದಿ ಇರಬೇಕು, ಐದೂ ಮಂದಿ ಒಂದೇ ದಿಕ್ಕು ತೋರಿಸಬೇಕು, ಆಮೇಲೆ ಕಾಗದದ ಕೆಳಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಬೇಕು. ಆಗ ಅವನ ಮಟ್ಟಿಗೆ ಬೆಳಗಾಗುತ್ತಿತ್ತು. ತಪ್ಪು ಅವನದಲ್ಲ ಬಿಡಿ. ಮೂವತ್ತು ವರ್ಷ ಊರೂರು ತಿರುಗಿ ತಲಾಟಿ, ಅಂದರೆ ಶಾನುಭೋಗರ ಕೆಲಸ ಮಾಡಿದ ಮನುಷ್ಯ. ಹೊಲದ ಗಡಿ ತಂಟೆಯಿರಲಿ, ಮಳೆಗೆ ಬಿದ್ದ ಗೋಡೆಯಿರಲಿ, ಸಿಡಿಲಿಗೆ ಸತ್ತ ಎಮ್ಮೆಯಿರಲಿ, ಪಂಚರನ್ನು ಕೂಡಿಸಿ, ಅವರು ಕಣ್ಣಾರೆ ಕಂಡದ್ದನ್ನು ಬರೆದು ಪಂಚನಾಮೆ ಮಾಡುವುದೇ ಅವನ ನೌಕರಿ. ಪೆನ್ಶನ್ ಆಗಿ ಘೋಡಗೇರಿಯ ನಮ್ಮ ಮನೆಗೆ ಬಂದು ಕುಳಿತ. ಸರಕಾರ ಅವನನ್ನು ಬಿಟ್ಟಿತು, ಅವನು ಪಂಚನಾಮೆ ಬಿಡಲಿಲ್ಲ.

ಒಂದು ದಿನ ಬೆಕ್ಕು ಹಾಲಿಗೆ ಬಾಯಿ ಹಾಕಿತೆಂದು ದೊಡ್ಡವ್ವ ಕೂಗಿಕೊಂಡಳು. ದೊಡ್ಡಪ್ಪ ಓಡಿ ಬಂದವನೇ, ‘ಯಾರೂ ಪಾತೇಲಿ ಮುಟ್ಟಬ್ಯಾಡ್ರಿ! ಇದ್ದದ್ದು ಇದ್ದಂಗ ಇರ್ಲಿ!’ ಎಂದು ಹುಕುಂ ಮಾಡಿ ಪಂಚರನ್ನು ಕರೆತರಲು ಹೊರಟ. ಅವನು ಓಣಿಯೆಲ್ಲ ಸುತ್ತಿ ಐವರನ್ನು ಕೂಡಿಸಿ ತರುವುದರೊಳಗೆ ಬೆಕ್ಕು ಮರಳಿ ಬಂದು ಉಳಿದ ಹಾಲನ್ನೂ ಸಾವಕಾಶ ಮುಗಿಸಿ ಹೋಗಿತ್ತು. ದೊಡ್ಡವ್ವ ಆ ದಿನ ಎಲ್ಲರಿಗೂ ಕರೀ ಚಹಾ ಕೊಟ್ಟಳು.

ಇನ್ನೊಮ್ಮೆ ನಮ್ಮ ಅಣ್ಣನಿಗೆ ಕನ್ಯೆ ನೋಡಿ ಬಾ ಎಂದು ಅವನನ್ನು ಅರಭಾವಿಗೆ ಕಳಿಸಿದರು. ಕಳಿಸಬಾರದಿತ್ತು! ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು ಗಂಭೀರವಾಗಿ ಓದಿದ: ‘ಮನಿ ಪೂರ್ವಕ್ಕ ಬಾವಿ, ಪಶ್ಚಿಮಕ್ಕ ಹನಮಪ್ಪನ ಗುಡಿ, ಉತ್ತರಕ್ಕ ಮಂದಿ ಅಡ್ಡಾಡೋ ದಾರಿ, ದಕ್ಷಿಣಕ್ಕ ಹಿತ್ತಲ.’

‘ಅದಿರ್ಲಿ, ಹುಡುಗಿ ಹೆಂಗದಾಳ?’ ಎಂದಳು ನನ್ನವ್ವ.

‘ಹುಡುಗಿ?’ ಎಂದು ದೊಡ್ಡಪ್ಪ ಕಾಗದ ತಿರುವಿ ಹಾಕಿದ. ‘ಹುಡುಗಿ ಒಳಗಿದ್ಳು.’

ಇಂಥವನ ಕೈಗೆ ನನ್ನ ಹಣೆಬರಹ ಸಿಕ್ಕಿತು ನೋಡಿ!

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿರಬಹುದು. ನಾನು ಏಳನೆಯ ಇಯತ್ತೆ. ಊರ ಸಾಲೆಗೆ ಅದೇ ಕೊನೆ. ಮುಂದೆ ಓದಬೇಕೆಂದರೆ ಗೋಕಾಕದ ಹೈಸ್ಕೂಲಿಗೆ ಹೋಗಬೇಕು. ‘ಹುಡುಗಿಗೆ ಇಷ್ಟ ಸಾಕು’ ಎಂದುಬಿಟ್ಟಿದ್ದ ಅಪ್ಪ. ನಾನು ಅತ್ತೆ, ಎರಡು ದಿನ ಊಟ ಬಿಟ್ಟೆ. ಅದೇ ಹೊತ್ತಿಗೆ ತಪಾಸಣೆಗೆ ಸಾಹೇಬರು ಬರುತ್ತಾರೆಂದೂ, ಮಕ್ಕಳು ದೇಶದ ದೊಡ್ಡ ನಾಯಕರೊಬ್ಬರ ಬಗ್ಗೆ ತಾವೇ ಶೋಧಿಸಿ ವರದಿ ಬರೆದು ಅವರೆದುರು ಓದಬೇಕೆಂದೂ ಮಾಸ್ತರರು ಹೇಳಿದರು. ಅಪ್ಪ ನನ್ನ ರಗಳೆ ತಾಳಲಾರದೆ, ‘ಸಾಹೇಬ್ರು ನಿನ್ನ ವರದಿ ಕೇಳಿ, ಈಕಿ ಮುಂದ ಓದ್ಲಿ ಅಂದ್ರ ನೋಡೋಣು’ ಎಂದ. ಅಪ್ಪನ ಬಾಯಲ್ಲಿ ‘ನೋಡೋಣು’ ಎಂದರೆ ಮುಕ್ಕಾಲು ಪಾಲು ‘ಇಲ್ಲ’ ಎಂದೇ ಅರ್ಥ. ಆದರೂ ಕಾಲು ಪಾಲು ಉಳಿಯಿತಲ್ಲ!

ಎಲ್ಲ ಮಕ್ಕಳಂತೆ ನಾನೂ ಸಾಲೆಯ ಪುಸ್ತಕ ತೆರೆದು ನಕಲು ಮಾಡತೊಡಗಿದೆ. ‘ನಾಯಕರು ಸಂಭಾವಿತ ಮನೆತನದಲ್ಲಿ ಜನಿಸಿದರು’ ಎಂದು ಬರೆಯುವಷ್ಟರಲ್ಲಿ ಹಿಂದಿನಿಂದ ದೊಡ್ಡಪ್ಪನ ದನಿ.

‘ಅವರು ಹುಟ್ಟಿದ್ದು ನೀ ನೋಡಿಯೇನು?’

‘ಪುಸ್ತಕದಾಗ ಐತಿ, ದೊಡ್ಡಪ್ಪ.’

‘ಪುಸ್ತಕ ಬರದಾಂವ ನೋಡ್ಯಾನೇನು?’

ಪರ್ರನೆ ಹಾಳೆ ಹರಿದ! ನಾನು ಹೋ ಎಂದು ಅತ್ತೆ. ‘ಅಳಬ್ಯಾಡ. ಅವರು ಸ್ವಾತಂತ್ರ್ಯಕ್ಕ ಮೊದಲ ಒಮ್ಮೆ ಗೋಕಾಕಕ್ಕ ಬಂದಿದ್ರು. ಊರ ಹೊರಗ ಹೊಲದಾಗ ಸಭಾ ಆಗಿತ್ತು. ಕಣ್ಣಾರೆ ಕಂಡವರು ಇನ್ನೂ ಜೀವಂತ ಅದಾರ. ಏಳ, ಐದು ಮಂದಿನ್ನ ಹುಡುಕೂಣು’ ಎಂದ. (ಆ ನಾಯಕರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಅವರನ್ನು ದೇವರೆನ್ನುತ್ತೀರಿ, ಇಲ್ಲವೇ ಬೈಯುತ್ತೀರಿ. ದೊಡ್ಡಪ್ಪನಿಗೆ ಎರಡೂ ಸೇರುತ್ತಿರಲಿಲ್ಲ.)

ಮೊದಲನೆಯ ಪಂಚ ಗೋಕಾಕದ ಮೋಟಾರ್ ಸ್ಟ್ಯಾಂಡಿನ ಬಾಜೂ ಇದ್ದ ಚಹಾ ಅಂಗಡಿಯವನು. ನಾಯಕರು ಅವನ ಅಂಗಡಿಯೊಳಗೆ ಬಂದು ನೀರು ಕುಡಿದಿದ್ದರಂತೆ.

‘ಎತ್ತರ ಎಷ್ಟಿದ್ರು?’ ಎಂದ ದೊಡ್ಡಪ್ಪ.

‘ಅಳದಿಲ್ರೀ ತಲಾಟಿ ಸಾಹೇಬ್ರ. ಬಾಗಿಲಕ್ಕ ತಲಿ ಬಡೀಲಿಲ್ಲ, ಅಷ್ಟ ಗೊತ್ತು.’

ದೊಡ್ಡಪ್ಪ ಅಂಗಡಿಯ ಬಾಗಿಲನ್ನು ಅಳತೆಪಟ್ಟಿ ಹಿಡಿದು ಎರಡು ಸಲ ಅಳೆದ. ಗಿರಾಕಿಗಳು ಚಹಾ ಬಿಟ್ಟು ನೋಡುತ್ತಿದ್ದರು. ‘ಬರಿ,’ ಎಂದ ನನಗೆ, ‘ಸದರಿ ನಾಯಕರು ಸದರಿ ಬಾಗಿಲಿಗಿಂತ ಗಿಡ್ಡ ಇರುತ್ತಾರೆ.’

ಎರಡನೆಯವನು ಮೂಡಲಗಿಯ ಮುದುಕ, ಅಂದು ಚಕ್ಕಡಿ ಹೂಡಿಕೊಂಡು ಸಭೆಗೆ ಹೋಗಿದ್ದವನು. ನಾಯಕರು ತನ್ನನ್ನು ನೋಡಿ ನಕ್ಕರೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ದೊಡ್ಡಪ್ಪನ ಮುಂದೆ ಆ ಆಟ ನಡೆದೀತೇ?

‘ನಿನ್ನ ನೋಡಿ ನಕ್ಕರೋ, ಎತ್ತಿನ್ನ ನೋಡಿ ನಕ್ಕರೋ? ಖರೆ ಹೇಳ.’

ಮುದುಕ ರುಮಾಲು ತೆಗೆದು ತಲೆ ಕೆರೆದುಕೊಂಡ. ‘ಎತ್ತಿನ್ನ ನೋಡೇ ನಕ್ಕರ್ರಿ’ ಎಂದ ಕೊನೆಗೆ. ‘ಎತ್ತ ಭಾಳ ಚಲೋ ಇತ್ರಿ.’

ಮೂರನೆಯವನೂ ಮೂಡಲಗಿಯವನೇ. ಅವನು ಸಭೆ ಮುಗಿಯುವ ತನಕ ನಿದ್ದೆ ಮಾಡಿದ್ದನಂತೆ! ‘ಇವನ್ಯಾಕ ಬೇಕು ನಮಗ?’ ಎಂದು ನಾನು ಸಿಟ್ಟಿಗೆದ್ದೆ. ದೊಡ್ಡಪ್ಪನಿಗೆ ಮಾತ್ರ ಆನಂದವೋ ಆನಂದ. ‘ಮೂವತ್ತು ವರ್ಷದಾಗ ಇಷ್ಟು ಖರೆ ಹೇಳೋ ಪಂಚ ನನಗ ಸಿಕ್ಕಿದ್ದಿಲ್ಲ’ ಎಂದು ಅವನ ಬೆನ್ನು ಚಪ್ಪರಿಸಿದ.

ನಾಲ್ಕನೆಯವಳು ಹುಕ್ಕೇರಿಯ ಅಜ್ಜಿ. ಅಂದು ನಾಯಕರಿಗೆ ರೊಟ್ಟಿ ಬಡಿದು ಕೊಟ್ಟವಳು. ನಾವು ಹೋದದ್ದೇ ತಡ, ಜಗಳಕ್ಕೇ ನಿಂತಳು. ‘ಒಂದೂವರಿ ತಿಂದು ಅರ್ಧಾ ಬಿಟ್ಟ್ರಲ್ರಿ! ಯಾಕ ಬಿಟ್ಟ್ರು? ಉಪ್ಪ ಕಡಿಮಿ ಆಗಿತ್ತೇನು? ಇವತ್ತಿಗೂ ತಿಳಿವಲ್ದು ನನಗ!’ ದೊಡ್ಡಪ್ಪ ಆ ಅರ್ಧ ರೊಟ್ಟಿಯನ್ನೂ ಬರೆಸಿದ.

ಆ ಮಧ್ಯಾಹ್ನ ಊಟಕ್ಕೆ ದೊಡ್ಡಪ್ಪನ ಮಗಳ ಮನೆಗೆ ಹೋದೆವು. ಅವಳನ್ನು ಹುಕ್ಕೇರಿಗೇ ಕೊಟ್ಟಿತ್ತು, ನನಗೆ ಅಕ್ಕ. ನನ್ನ ಕಾಗದಗಳನ್ನು ಆಸೆಯಿಂದ ಎತ್ತಿಕೊಂಡು, ಬೆರಳಿಟ್ಟು, ‘ಸ... ದ... ರಿ...’ ಎಂದು ಒಂದು ಸಾಲು ಓದುವಷ್ಟರಲ್ಲಿ ಬೆವತುಬಿಟ್ಟಳು. ‘ಮರತ ಹೋಗೈತವ್ವಾ. ನೀನ ಓದ’ ಎಂದು ನಗುತ್ತ ತಿರುಗಿ ಕೊಟ್ಟಳು. ದೊಡ್ಡಪ್ಪ ತಾಟು ಬಿಟ್ಟು ಎದ್ದು ಹೊರಗೆ ಹೋದ. ಪಲ್ಯ ಖಾರವಾಗಿರಬೇಕು ಅಂದುಕೊಂಡೆ ನಾನು.

ಐದನೆಯ ಪಂಚ ಸಿಗಲೇ ಇಲ್ಲ. ‘ಅದನ್ನ ನನಗ ಬಿಡ’ ಎಂದ ದೊಡ್ಡಪ್ಪ, ತಪಾಸಣೆಯ ಮುಂಜಾನೆ ಎಲ್ಲ ಕಾಗದಗಳನ್ನೂ ಹೊಲಿದು, ದಾರ ಕಟ್ಟಿ, ಅರಗಿನ ಮುದ್ರೆ ಹೊಡೆದು ಕೈಗಿಟ್ಟ. ಸಾಹೇಬರ ಎದುರಿಗೇ ಒಡೆಯಬೇಕಂತೆ!

ಸಾಲೆಯಲ್ಲಿ ಸಾಹೇಬರು, ಮಾಸ್ತರರು, ನಮ್ಮ ಅಪ್ಪನೂ ಸೇರಿ ಊರ ಹಿರಿಯರೆಲ್ಲ ಕುಳಿತಿದ್ದರು. ನನಗಿಂತ ಮೊದಲು ಓದಿದ ಎಲ್ಲರ ನಾಯಕರೂ ಸಂಭಾವಿತ ಮನೆತನದಲ್ಲೇ ಜನಿಸಿದರು. ಸಾಹೇಬರು ಆಕಳಿಸುತ್ತಿದ್ದರು. ನಾನು ಮುದ್ರೆ ಒಡೆದು ಓದಿದೆ: ‘ಸಭೆಯಲ್ಲಿ ನಾಯಕರ ಚತುಃಸೀಮೆ: ಪೂರ್ವಕ್ಕೆ ಮೇಜು, ಪಶ್ಚಿಮಕ್ಕೆ ಬೇವಿನ ಗಿಡ, ಉತ್ತರಕ್ಕೆ ಪೊಲೀಸರು, ದಕ್ಷಿಣಕ್ಕೆ ಜೋಳದ ಬೆಳೆ...’ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಿಗೆ ನಕ್ಕರು, ಎತ್ತಿಗೆ ನಕ್ಕರು, ನಿದ್ದೆಗಂತೂ ಸಾಹೇಬರೇ ಮೇಜು ಗುದ್ದಿದರು. ಅಪ್ಪ ತಲೆ ತಗ್ಗಿಸಿದ್ದ. ನನ್ನ ಹೈಸ್ಕೂಲು ಮುಳುಗಿತು ಎಂದು ನನಗೆ ಖಾತ್ರಿಯಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಕೊನೆಯ ಹಾಳೆ ತಿರುವಿದೆ. ಅದು ನಾನು ಬರೆದದ್ದಲ್ಲ, ದೊಡ್ಡಪ್ಪನ ಅಕ್ಷರ.

‘ಪಂಚ ನಂಬರ ಐದು. ಪೆನ್ಶನ್ ತಲಾಟಿಯಾದ ನಾನು ಬರೆದುಕೊಡುವುದೇನೆಂದರೆ, ಸದರಿ ದಿನ ಸರಕಾರಿ ನೌಕರರು ಸಭೆಗೆ ಹೋಗಬಾರದೆಂದು ಹುಕುಂ ಇದ್ದು, ನಾನು ಮುಖಕ್ಕೆ ಟವೆಲ್ ಸುತ್ತಿಕೊಂಡು ಬೇಲಿಯ ಆಚೆ ನಿಂತಿರುತ್ತೇನೆ. ಹೆಣ್ಣುಮಕ್ಕಳನ್ನು ಸಾಲೆಗೆ ಕಳಿಸಿರಿ ಎಂದು ನಾಯಕರು ಕೈಮುಗಿದು ಹೇಳಿದ್ದನ್ನು ನನ್ನ ಕಿವಿಯಿಂದ ಕೇಳಿರುತ್ತೇನೆ. ಕೇಳಿಯೂ ಅದೇ ವರ್ಷ ನನ್ನ ಮಗಳನ್ನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಡಿಸಿರುತ್ತೇನೆ. ಆಕೆ ಬರೆಯುವ ಪಾಟಿಯನ್ನು ಕೊಡದೆ ಎದೆಗೆ ಅವುಚಿಕೊಂಡಿದ್ದಳು. ನಾನು ಕಸಿದುಕೊಂಡಿರುತ್ತೇನೆ. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಇದಕ್ಕೆ ಸಾಕ್ಷಿ ಇರುವುದಿಲ್ಲ. ಆದರೂ ಖರೆ ಇರುತ್ತದೆ.’

ನಗು ನಿಂತಿತ್ತು. ಸಾಹೇಬರು ಚಸ್ಮಾ ತೆಗೆದು ಒರೆಸಿಕೊಂಡರು. ‘ಹತ್ತು ವರದಿ ಕೇಳಿದೆ, ಶೋಧ ಮಾಡಿ ಬರದದ್ದು ಇದೊಂದ. ಈ ಹುಡುಗಿ ಮುಂದ ಓದಬೇಕ್ರಿ’ ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸಾಹೇಬರನ್ನು ನೋಡುತ್ತಿರಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತ ತನ್ನಣ್ಣನನ್ನು ನೋಡುತ್ತಿದ್ದ.

‘ಅಣ್ಣಾ,’ ಎಂದ ಮೆಲ್ಲಗೆ, ‘ಗೋಕಾಕದ ಮೋಟಾರು ಎಷ್ಟಕ್ಕ ಬರತೈತಿ?’

‘ಎಂಟಕ್ಕ’ ಎಂದ ದೊಡ್ಡಪ್ಪ. ನಾನು ಅಷ್ಟು ಮಂದಿಯ ನಡುವೆ ಓಡಿಹೋಗಿ ಅವನ ಕೈ ಹಿಡಿದುಕೊಂಡೆ.