ಮೈಲೋ ತೂಗಿದ ಟ್ರೇಲರ್

ತೂಕದ ವಿಷಯದಲ್ಲಿ ತನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂಬುದು ಮೈಲೋ ವಾವ್ರಾನ ದೃಢ ನಂಬಿಕೆ. ಇರದೆ ಏನು? ನೆಬ್ರಾಸ್ಕಾದ ಆ ಪುಟ್ಟ ಊರಿನ ಧಾನ್ಯದ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಲಾರಿ ತೂಗುವ ವೇಬ್ರಿಜ್ ಮುಂದೆ ಕೂತವನು. ಮೆಕ್ಕೆಜೋಳದ ಲಾರಿ ಬಂದರೆ ಕಾಳಿನೊಳಗೆ ಸರಳು ಚುಚ್ಚಿ, ತೇವ ಕಂಡಷ್ಟೂ ತೂಕ ಕಡಿದು, "ಜೋಳಕ್ಕೆ ದುಡ್ಡು ಕೊಡ್ತೀವಿ, ನೀರಿಗಲ್ಲ" ಎಂದು ಚೀಟಿ ಹರಿದು ಕೊಟ್ಟವನು. ಅಂಥ ಮಹಾಪುರುಷ ನಿವೃತ್ತನಾಗಿ, ಚಳಿಗಾಲ ಕಳೆಯಲು ಅರಿಜೋನಾಕ್ಕೆ ಎಳೆದುಕೊಂಡು ಹೋಗುವ ಟ್ರೇಲರ್ ಮನೆ ಕೊಳ್ಳಲು ಹೊರಟ!

ಅಂಗಡಿಯವನು ಸೋಫಾ ತೋರಿಸಿದ, ಹಾಸಿಗೆ ತೋರಿಸಿದ. ಮೈಲೋ ನೋಡಿದ್ದು ಬಾಗಿಲ ಪಕ್ಕದ ಹಳದಿ ಚೀಟಿಯನ್ನು ಮಾತ್ರ. ಎಷ್ಟು ಸಾಮಾನು ಹೇರಬಹುದೆಂದು ಬರೆದಿರುವುದು ಅಲ್ಲೇ. ಹೆಂಡತಿ ಆರ್ಡಿತ್‌ಗೆ ಮೂರನೆಯ ಟ್ರೇಲರ್ ಹಿಡಿಸಿತ್ತು. ಕಿಟಕಿ ಪಕ್ಕ ಹೊಲಿಗೆಗೆ ಹೇಳಿ ಮಾಡಿಸಿದಂಥ ಮೇಜಿತ್ತು.

"ಬರೀ ಏಳ್ನೂರು ಪೌಂಡು. ಮೇಜು ನೋಡ್ಕೊಂಡು ಸಂಸಾರ ಮಾಡಕ್ಕಾಗತ್ತೇನೆ?" ಎಂದು ಮೈಲೋ ಮುಂದೆ ನಡೆದ. ಏಳನೆಯದರ ಮೇಲೆ ಸಾವಿರದ ಇನ್ನೂರು ಎಂದಿತ್ತು.

"ಸರ್, ಆ ಸಾವಿರದ ಇನ್ನೂರರಲ್ಲಿ..." ಎಂದು ಅಂಗಡಿಯವನು ಬಾಯಿ ತೆರೆದ.

"ತೂಕದ ಪಾಠ ನಂಗೆ ಬೇಡಪ್ಪ. ಬಿಲ್ ಬರಿ."

ಮನೆಯಲ್ಲಿ ದರ್ಬಾರು ಶುರುವಾಯಿತು. ಬಚ್ಚಲುಮನೆಯ ತೂಕದ ಯಂತ್ರ ಅಡುಗೆಮನೆಗೆ ಬಂತು. ಕಬ್ಬಿಣದ ಬಾಣಲೆಗೆ ಪ್ರವೇಶವಿಲ್ಲ. ಎರಡು ಕಂಬಳಿಯಲ್ಲಿ ಒಂದಕ್ಕೆ ಅನುಮತಿ. ಉಪ್ಪಿನ ಡಬ್ಬಿಯನ್ನೂ ಅರ್ಧ ಖಾಲಿ ಮಾಡಿಸಿದ. ಕೊನೆಗೆ ಹೊಲಿಗೆ ಮಷೀನು ಬಂತು: ಮೂವತ್ತೆಂಟು ಪೌಂಡು.

"ರೀ, ಅದು ಅಮ್ಮಂದು. ಅಮ್ಮ ಅರ್ಧಕ್ಕೆ ಬಿಟ್ಟ ಕೌದೀನ ಅಲ್ಲಿರೋ ಅಕ್ಕನ ಜೊತೆ ಕೂತು ಮುಗಿಸ್ಬೇಕು ಅಂತಾನೇ ನಾನು ಬರ್ತಿರೋದು."

"ಸೂಜಿ ತಗೋ. ಅದಕ್ಕೆ ತೂಕ ಇಲ್ಲ."

ಆರ್ಡಿತ್ ಮಷೀನಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟಳು. ಅವಳಿಗೆ ತುಂಬಾ ನೋವಾಗಿತ್ತು.

ಒಟ್ಟು ಸಾಮಾನು ಸಾವಿರದ ಎಂಬತ್ತು. ಹೊರಟ ದಿನ ಸುಮ್ಮನೆ ಹೆದ್ದಾರಿ ಹಿಡಿಯಬಹುದಿತ್ತು. ಆದರೆ ಹಳೆಯ ಗೋದಾಮಿನಲ್ಲಿ ತೂಗಿಸಿ ನಾಲ್ಕು ಜನರ ಶಹಬ್ಬಾಸ್ ಪಡೆಯದೆ ಹೋಗುವುದುಂಟೇ? ಸುಗ್ಗಿಯ ಕಾಲ, ಜೋಳದ ಲಾರಿಗಳು ಸಾಲುಗಟ್ಟಿದ್ದವು. ಮೈಲೋನ ಕುರ್ಚಿಯಲ್ಲಿ ಈಗ ಅವನ ಹಳೆಯ ಸಹಾಯಕ ಡ್ವೇನ್ ಕೂತಿದ್ದ. ಎಳೆದು ತಂದ ಪಿಕಪ್ಪಿನಿಂದ ಕಳಚಿ ಟ್ರೇಲರನ್ನಷ್ಟೇ ವೇಬ್ರಿಜ್ ಮೇಲೆ ನಿಲ್ಲಿಸಿದರು.

"ಮೈಲೋಣ್ಣ, ಹೇರಬೇಕಾದ್ದಕ್ಕಿಂತ ಮುನ್ನೂರ ಎಂಬತ್ತು ಪೌಂಡು ಜಾಸ್ತಿ ಇದೆ."

"ನಿನ್ನ ವೇಬ್ರಿಜ್ ಕೆಟ್ಟಿದೆ."

"ನೀವೇ ಕೂರಿಸಿದ್ದಲ್ವಾ."

ಮೈಲೋ ಹೆಂಡತಿಯ ಕಡೆ ತಿರುಗಿದ. "ಮಷೀನು ಬಚ್ಚಿಟ್ಟಿದೀಯಾ?"

"ಹುಡುಕಿ."

ಹುಡುಕಿದ. ಕಪಾಟು, ಮಂಚದಡಿ, ಓವನ್ನು ಎಲ್ಲವನ್ನೂ ಜಾಲಾಡಿದ. ಮಷೀನು ಸಿಗಲಿಲ್ಲ. ರೈತರು ಲಾರಿ ಇಳಿದು ಸುತ್ತ ನಿಂತರು. ಅವರಲ್ಲಿ ಎಲ್ಡನ್ ಸ್ಟ್ರೋ ಎಂಬ ಮುದುಕನೂ ಇದ್ದ. ಮೈಲೋ ಅತಿ ಹೆಚ್ಚು ತೂಕ ಕಡಿದದ್ದು ಅವನ ಜೋಳದಲ್ಲೇ. ಅವನು ಬಗ್ಗಿ ಟ್ರೇಲರಿನ ಹೊಟ್ಟೆಗೆ ತಟ್ಟಿದ.

"ಇದ್ರೊಳಗೇನೋ ಮೈಲೋ?"

"ನೀರು. ನಮ್ಮನೆ ಬಾವೀದು, ಅರವತ್ತು ಗ್ಯಾಲನ್. ಅರಿಜೋನಾ ನೀರು ಯಾರು ಕುಡೀತಾರೆ?"

"ತೂಗಿದ್ಯಾ?"

"ನೀರನ್ನ ಯಾರಾದ್ರೂ ತೂಕಕ್ಕೆ..."

ಅಂಗಡಿಯವನು ಏನು ಹೇಳಲು ಬಾಯಿ ತೆರೆದಿದ್ದ ಎಂಬುದು ಮೈಲೋಗೆ ಈಗ ಹೊಳೆಯಿತು. ತೊಟ್ಟಿಯ ನೀರೂ ಆ ಸಾವಿರದ ಇನ್ನೂರರ ಲೆಕ್ಕಕ್ಕೇ ಸೇರುತ್ತದೆ. ಐನೂರು ಪೌಂಡು ನೀರು! ಕಿವಿ ಕೆಂಪಾಯಿತು.

ಡ್ವೇನ್ ಗಂಭೀರವಾಗಿ ಚೀಟಿ ಬರೆದು ಓದಿದ: "ತೇವಾಂಶ ನೂರಕ್ಕೆ ಮೂವತ್ತೆರಡು. ಸರಕು ವಾಪಸ್."

"ನೀನು ನನ್ನನ್ನ ಇಪ್ಪತ್ತಕ್ಕೇ ವಾಪಸ್ ಕಳಿಸಿದ್ದೆ ಕಣೋ," ಎಂದ ಎಲ್ಡನ್. ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಲ್ಲಿ ಬಿಚ್ಚಿದರು. ಬಾವಿಯ ನೀರು ಗೋದಾಮಿನ ಅಂಗಳದಲ್ಲಿ ಹರಿದು ಹೋಯಿತು.

"ಈಗೆಷ್ಟು ಜಾಗ ಇದೆ ಡ್ವೇನ್?" ಎಂದಳು ಆರ್ಡಿತ್.

"ನೂರಿಪ್ಪತ್ತು ಪೌಂಡು ಅಕ್ಕಾ."

ಅವಳು ಎಲ್ಡನ್‌ನ ಲಾರಿ ಹತ್ತಿ ಮನೆಗೆ ಹೋಗಿ ಮಷೀನು ತಂದಳು. ಮೈಲೋ ಅದನ್ನು ಎತ್ತಿ ಟ್ರೇಲರಿನೊಳಗಿಟ್ಟ. ಪಿಕಪ್ಪಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದ: "ದಾರೀಲಿ ಕುಡಿಯಕ್ಕೆ ನೀರು?"

"ಒಂದು ಬಾಟ್ಲು ತಗೊಳ್ಳಿ," ಎಂದಳು ಆರ್ಡಿತ್. "ತೂಗಿ ತಗೊಳ್ಳಿ."