ಗಂಟಲು ಬಿಚ್ಚಿದವರು

ನಮ್ಮ ಲ್ಯಾಬಿನ ಕುರ್ಚಿಯಲ್ಲಿ ಕೂತು ತೋಳು ಚಾಚಿದ ಮೇಲೆ ಜನ ಸುಮ್ಮನೆ ಇರೋದಿಲ್ಲ. ಸೂಜಿ ಕಡೆ ನೋಡಬಾರದು ಅಂತ ಮುಖ ಆಚೆ ತಿರುಗಿಸಿ ಏನಾದ್ರೂ ಒಂದು ಹೇಳ್ತಾರೆ. ನಾನು ನಗು ತಡೆದುಕೊಂಡು ರಕ್ತ ತೆಗೀಬೇಕು. ಕಡೂರಿನಲ್ಲಿ ಈ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯ್ತು, ವಾರಕ್ಕೆರಡು ದಿನ ತರೀಕೆರೆ, ಅಜ್ಜಂಪುರದ ಕಡೆಗೂ ಹೋಗಿ ಸ್ಯಾಂಪಲ್ ತರ್ತೀನಿ. ಒಂದು ದಿನವೂ ನಗದೆ ಮನೆಗೆ ಹೋದ ನೆನಪಿಲ್ಲ. ಆದ್ರೆ ನಗುವಿನ ಸುಗ್ಗಿ ಶುರುವಾಗಿದ್ದು ಥೈರಾಯ್ಡ್ ಮೇಡಂ ಬಂದ ಮೇಲೆ.

ಅವರಿಗೆ ಆ ಹೆಸರಿಟ್ಟಿದ್ದು ಊರಿನವರು. ಎಲ್ಲೋ ಹೋಗಿ ಸಮಗ್ರ ಚಿಕಿತ್ಸೆ ಅಂತ ಕಲಿತು ಬಂದು, ಭಾನುವಾರಗಳಲ್ಲಿ ಶಿಬಿರ ಮಾಡ್ತಾರೆ. ದುಂಡು ಮುಖ, ನಗುಮುಖ, ಒಳ್ಳೇ ಹೆಂಗಸು. "ಪ್ರತಿ ಕಾಯಿಲೆಗೂ ಒಂದು ಅರ್ಥ ಇದೆ. ಥೈರಾಯ್ಡ್ ಇರೋದು ಎಲ್ಲಿ? ಗಂಟಲಲ್ಲಿ. ಗಂಟಲು ಯಾತಕ್ಕೆ? ಮಾತಿಗೆ. ಹೇಳಬೇಕಾದ ಮಾತನ್ನ ಹೇಳದೆ ವರ್ಷಗಟ್ಟಲೆ ನುಂಗಿದ್ರೆ ಅದು ಅಲ್ಲೇ ಗಂಟು ಹಾಕ್ಕೊಂಡು ಕೂತ್ಕೊಳ್ಳುತ್ತೆ. ನುಂಗಬೇಡಿ, ಹೇಳಿ!" ಅನ್ನೋದು ಅವರ ಪಾಠ.

ಮಾತ್ರೆ ಬಿಡಿ ಅಂತ ಅವರು ಯಾವತ್ತೂ ಹೇಳಿದವರಲ್ಲ. ಆದ್ರೂ ನಮ್ಮ ಲ್ಯಾಬಿನ ಮೇಲಿನ ಮಹಡಿಯ ಡಾಕ್ಟರಿಗೆ ಒಂದೇ ಭಯ, ನನ್ನನ್ನ ಕರೆದು ಅಂದ್ರು: "ಮಾತಾಡಲಿ ಕಣಮ್ಮ, ಬೇಡ ಅಂದೋರು ಯಾರು? ಆದ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಅಂತ ನೀನೂ ಒಂದ್ಮಾತು ಹೇಳು. ನುಂಗಬಾರದು ಅಂತ ಅದನ್ನೂ ಉಗಿದುಬಿಟ್ಟಾರು!"

ನುಂಗಿದ್ದು ಯಾರು?

ಪಂಚನಹಳ್ಳಿಯಿಂದ ಒಬ್ಬ ಹೆಂಗಸು ಗಂಡನ ಜೊತೆ ಬಂದಿದ್ರು. ಬಸ್ಸಿಳಿದಾಗ ಶುರುವಾದ ಮಾತು ಲ್ಯಾಬಿನ ಮೆಟ್ಟಿಲು ಹತ್ತಿದ್ರೂ ಮುಗಿದಿರಲಿಲ್ಲ. ಕಂಡಕ್ಟರ್ ಹಿಂಗಂದ, ನಾನು ಹಂಗಂದೆ, ಪಕ್ಕದ ಸೀಟಿನವಳು ಏನೋ ಅಂದ್ಲು, ಅವಳಿಗೂ ಅಂದೆ. ರಿಪೋರ್ಟ್ ಬಂತು. ಆಕೆಗೆ ಥೈರಾಯ್ಡ್ ಇತ್ತು.

ಆಕೆ ಶಿಬಿರಕ್ಕೂ ಹೋಗಿ ಬಂದವಳು. ರಿಪೋರ್ಟ್ ಕೈಯಲ್ಲಿ ಹಿಡಿದು ಕಣ್ಣು ಕೆಂಪಗೆ ಮಾಡ್ಕೊಂಡು ಕೇಳಿದ್ಲು: "ಅಲ್ಲ ಕಣ್ರೀ, ನಾನು ಹುಟ್ಟಿದಾಗಿಂದ ಒಂದು ಮಾತು ನುಂಗಿದ್ರೆ ಕೇಳಿ! ನಂಗ್ಯಾಕ್ರೀ ಬಂತು ಇದು?"

ಮೂಲೆಯಲ್ಲಿ ಚೀಲ ಹಿಡ್ಕೊಂಡು ಕೂತಿದ್ದ ಗಂಡ ಎದ್ದು ಬಂದು ಅಂಗಿ ತೋಳು ಮಡಚಿದ. "ಮೇಡಂ, ರಿಪೋರ್ಟು ಅದಲುಬದಲಾಗಿರ್ಬೇಕು. ಇಪ್ಪತ್ತಾರು ವರ್ಷದಿಂದ ಮನೇಲಿ ನುಂಗ್ತಿರೋನು ನಾನು. ನಂದು ತೆಗೀರಿ."

ಬೇಡ ಅಂದ್ರೂ ಬಿಡಲಿಲ್ಲ, ತೆಗೆದೆ. ಎಲ್ಲಾ ಸರಿಯಾಗಿತ್ತು. ಆತನಿಗೆ ನಿಜಕ್ಕೂ ಬೇಜಾರಾಯ್ತು. ಮೇಲೆ ಹೋಗಿ ಡಾಕ್ಟರನ್ನೇ ಕೇಳಿದ, "ಹಾಗಾದ್ರೆ ನಾನು ನುಂಗಿದ ಮಾತೆಲ್ಲ ಎಲ್ಲಿಗೆ ಹೋಯ್ತು ಸಾರ್?"

ಡಾಕ್ಟರು ಆತನ ಹಳೇ ಚೀಟಿ ತಿರುವಿ ನೋಡಿದ್ರು. "ಹೊಟ್ಟೆಗೆ ಕಣಯ್ಯಾ. ಹೋದ ತಿಂಗಳು ಗ್ಯಾಸ್ ಅಂತ ಬಂದಿದ್ದೆಯಲ್ಲ!"

ಯಾವ ಸಂಘ?

ಗಂಟಲಿನ ಚಕ್ರದ ಬಣ್ಣ ನೀಲಿ, ಕುತ್ತಿಗೆಗೆ ನೀಲಿ ಬಟ್ಟೆ ಸುತ್ತಿಕೊಂಡ್ರೆ ಮನಸ್ಸು ಹಗುರಾಗುತ್ತೆ ಅಂತ ಮೇಡಂ ತರೀಕೆರೆ ಶಿಬಿರದಲ್ಲಿ ಹೇಳಿದ್ರು. ಆ ಶಿಬಿರದಲ್ಲಿ ಒಬ್ಬ ಟೈಲರ್ ಅಕ್ಕ ಇದ್ದಳು. ಮನೆಯಲ್ಲಿ ದಖ್ಖನಿ, ಗಿರಾಕಿ ಹತ್ರ ಕನ್ನಡ, ಸಿಟ್ಟು ಬಂದ್ರೆ ಎರಡೂ. ಒಂದೇ ಥಾನಿನಲ್ಲಿ ಆರು ನೀಲಿ ಶಾಲು ಕತ್ತರಿಸಿ ಹೊಲಿದು, ಒಂದನ್ನ ತಾನು ಹಾಕ್ಕೊಂಡು, ಐದನ್ನ ಗೆಳತಿಯರಿಗೆ ಕೊಟ್ಟಳು.

ಸೋಮವಾರ ತರೀಕೆರೇಲೇ ನಾನು ಅವರ ರಕ್ತ ತೆಗೀಬೇಕಿತ್ತು. ನಾನು ಬರೋದು ತಡವಾಯ್ತು. ಆರೂ ಜನ ನೆರಳು ಅಂತ ಪಕ್ಕದಲ್ಲಿದ್ದ ಒಂದು ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತ್ಕೊಂಡ್ರು. ಆರು ಕುತ್ತಿಗೆ, ಆರು ನೀಲಿ ಶಾಲು. ಖಾಲಿ ಹೊಟ್ಟೇಲಿ ಬಂದಿದ್ರು, ಹಾಗಾಗಿ ಮುಖವೂ ಸ್ವಲ್ಪ ಬಿಗಿಯಾಗೇ ಇತ್ತು.

ಒಳಗಿಂದ ಒಬ್ಬ ಗುಮಾಸ್ತ ಇಣುಕಿ ನೋಡಿ ಒಳಗೆ ಓಡಿದ. ಎರಡು ನಿಮಿಷಕ್ಕೆ ಸಾಹೇಬ್ರೇ ಹೊರಗೆ ಬಂದು ಕೈ ಮುಗಿದ್ರು. "ಮೆಟ್ಟಿಲ ಮೇಲೆ ಯಾಕಮ್ಮ ಕೂತ್ರಿ? ಒಳಗೆ ಬನ್ನಿ, ಕೂತು ಮಾತಾಡೋಣ. ಧರಣಿ ಎಲ್ಲ ಯಾಕೆ? ತಾವು ಯಾವ ಸಂಘದವರು?"

ಟೈಲರ್ ಅಕ್ಕ ಎದ್ದು ನಿಂತು ಹೇಳಿದ್ಲು, "ಥೈರಾಯ್ಡ್ ಸಂಘ ಸಾರ್."

"ಬೇಡಿಕೆ ಏನಮ್ಮ?"

ಆಕೆಯ ಮನೆ ಖಾತೆ ಬದಲಾವಣೆಯ ಅರ್ಜಿ ಅದೇ ಕಚೇರೀಲಿ ಒಂದು ವರ್ಷದಿಂದ ಮಲಗಿತ್ತು. ನುಂಗಬೇಡಿ, ಹೇಳಿ ಅಂತ ಮೇಡಂ ಹೇಳಿದ್ದು ನೆನಪಾಯ್ತಂತೆ. ಹೇಳಿಬಿಟ್ಟಳು. ನಾನು ಬಂದು ಐದು ಜನರ ರಕ್ತ ತೆಗೆಯೋ ಹೊತ್ತಿಗೆ ಅರ್ಜಿ ಮೇಜಿನಿಂದ ಮೇಜಿಗೆ ಓಡಿ, ಸಹಿ ಬಿದ್ದು, ಆಕೆ ಕಾಗದ ಬೀಸಿಕೊಂಡು ಬಂದ್ಲು.

"ಅರೆ ಅಕ್ಕಾ, ಥೈರಾಯ್ಡಿಗೆ ಗೊತ್ತಿಲ್ಲ, ಖಾತೆಗೆ ನೀಲಿ ಭಾರೀ ಒಳ್ಳೇದು!"

ಅತ್ತೆಯ ಕಾಗದ

ಅಜ್ಜಂಪುರದ ಒಂದು ಮನೇಲಿ ಅತ್ತೆಗೂ ಥೈರಾಯ್ಡ್, ಸೊಸೆಗೂ ಥೈರಾಯ್ಡ್. ಇದನ್ನ ನಂಗೆ ಹೇಳಿದ್ದು ಸೊಸೆ, ನಗ್ತಾ ನಗ್ತಾ, ತೋಳು ಅಲ್ಲಾಡಿಸಿ ನನ್ನ ಸೂಜಿ ತಪ್ಪಿಸ್ತಾ.

ಮನಸ್ಸಲ್ಲಿ ಉಳಿದಿದ್ದನ್ನೆಲ್ಲ ಕಾಗದದಲ್ಲಿ ಬರೆದು, ಕನ್ನಡಿ ಮುಂದೆ ಓದಿ, ಆಮೇಲೆ ಸುಟ್ಟುಬಿಡಿ ಅಂತ ಮೇಡಂ ಹೇಳಿದ್ರಂತೆ. ಸೊಸೆ ಬಾಗಿಲು ಹಾಕ್ಕೊಂಡು ಓದ್ತಿದ್ಲು. ಅತ್ತೆ ಬಾಗಿಲು ತಳ್ಳಿ, "ಯಾರ ಹತ್ರನೇ ಮಾತು?" ಅಂದ್ರು. ಸೊಸೆ ಹೆದರಿಕೊಂಡೇ ವಿಷಯ ಹೇಳಿದ್ಲು. ಅತ್ತೆ ಬೈಯಲಿಲ್ಲ. ಕಾಲು ಚಾಚಿ ಕೂತ್ರು. "ನಂಗೂ ಇದೆಯಲ್ಲ ಕಣೇ ಕಾಯಿಲೆ. ನಂಗೆ ಓದು ಬರಹ ಬರಲ್ಲ. ನಾನು ಹೇಳ್ತೀನಿ, ನೀನು ಬರ್ಕೋ."

ಸೊಸೆ ಪೆನ್ನು ತಗೊಂಡ್ಲು. ಮೊದಲ ಸಾಲು: "ನನ್ನ ಸೊಸೆಗೆ ಬೆಳಿಗ್ಗೆ ಏಳಕ್ಕಾಗಲ್ಲ."

"ಐದೂವರೆಗೇ ಏಳ್ತೀನಲ್ಲ ಅತ್ತೆ!"

"ಉತ್ತರ ಕೊಡಬೇಡ, ನನ್ನ ಗಂಟಲು ಕಟ್ಕೊಳ್ಳುತ್ತೆ. ಬರಿ. ಸಾರಿಗೆ ಹುಳಿ ಜಾಸ್ತಿ. ತವರಿನ ಫೋನು ಬಂದ್ರೆ ಹಾಲು ಉಕ್ಕಿದ್ರೂ ತಿರುಗಿ ನೋಡಲ್ಲ."

"ಸ್ವಲ್ಪ ನಿಧಾನ ಹೇಳಿ ಅತ್ತೆ, ಕೈ ನೋಯುತ್ತೆ."

"ಕೈ ನೋಯುತ್ತೆ ಅಂತಾಳೆ, ಅದನ್ನೂ ಬರಿ."

ಮೂರು ಪುಟ ಆಯ್ತು. ಪೂರ್ತಿ ಓದಿಸಿಕೊಂಡು ಕೇಳಿದ ಅತ್ತೆಗೆ ಮನಸ್ಸು ಎಷ್ಟು ಹಗುರಾಯ್ತು ಅಂದ್ರೆ ತಾವೇ ಎದ್ದು ಹೋಗಿ ಇಬ್ಬರಿಗೂ ಕಾಫಿ ಮಾಡ್ಕೊಂಡು ಬಂದ್ರು. ಸೊಸೆ ಕಡ್ಡಿಪೆಟ್ಟಿಗೆ ತೆಗೆದಾಗ ಮಾತ್ರ ಗಟ್ಟಿಯಾಗಿ ಕೈ ಹಿಡಿದ್ರು.

"ಸುಡಬೇಡ ಕಣೇ, ಎತ್ತಿಡು. ನಿನ್ನ ಮಗನಿಗೆ ಹೆಂಡ್ತಿ ಬಂದಾಗ ಬೇಕಾಗುತ್ತೆ."

ಗುಟ್ಟಿನ ಟೆಸ್ಟ್

ಒಂದು ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲೇ ಥೈರಾಯ್ಡ್ ಮೇಡಂ ಬಂದು ನಿಂತಿದ್ರು. ಸೆರಗು ತಲೆ ಮೇಲೆ. "ರಕ್ತ ತೆಗೀರಿ, ರಶೀದೀಲಿ ಇನಿಷಿಯಲ್ ಮಾತ್ರ ಹಾಕಿ" ಅಂದ್ರು. ಸಂಜೆ ಅವರು ಮತ್ತೆ ಬಂದಾಗ ಫಲಿತಾಂಶ ನೋಡಿ ನನ್ನ ಮುಖ, ಅವರ ಮುಖ, ಎರಡೂ ಪೆಚ್ಚಾಯ್ತು. ಅವರಿಗೂ ಥೈರಾಯ್ಡ್.

"ದಯವಿಟ್ಟು ಇದನ್ನ ಯಾರಿಗೂ ಹೇಳಬೇಡಿ" ಅಂದ್ರು.

"ಹೇಳಲ್ಲ ಮೇಡಂ. ಆದ್ರೆ ಇಷ್ಟು ದೊಡ್ಡ ಮಾತು ನುಂಗಿದ್ರೆ ನಂಗೂ ಬಂದುಬಿಡುತ್ತಲ್ಲ?"

ಮೇಡಂ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಮುಂದಿನ ಭಾನುವಾರ ಶಿಬಿರದಲ್ಲಿ ಮೈಕು ಹಿಡಿದು ತಾವೇ ಹೇಳಿಬಿಟ್ಟರು: "ನನಗೂ ಇದೆ, ನಾನೂ ಮಾತ್ರೆ ತಗೋತಿದೀನಿ." ಹಾಗೆ ಅವರೇ ಹೇಳಿದ ಮೇಲೇ ನಾನು ಈ ಗುಟ್ಟನ್ನ ಇಲ್ಲಿ ಬರೀತಿರೋದು. ಜನ ಚಪ್ಪಾಳೆ ಹೊಡೆದ್ರು. ಹಿಂದಿನ ಸಾಲಿನ ಒಬ್ಬ ಅಜ್ಜಿ ಮಾತ್ರ ಗಲ್ಲದ ಮೇಲೆ ಕೈ ಇಟ್ಟು ಪಕ್ಕದವಳಿಗೆ ಅಂದ್ರು:

"ಅವ್ವಯ್ಯಾ! ವಾರವಾರ ಇಷ್ಟು ಮಾತಾಡಿನೂ ಒಳಗೆ ಇನ್ನೂ ಎಷ್ಟು ಉಳ್ಕೊಂಡಿತ್ತೋ!"

ಕೆರೆ ಏರಿ ಮೇಲೆ

ಬುಕ್ಕಾಂಬುಧಿಯ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು, ಮಾತು ಅಂದ್ರೆ ಹೂಂ, ಊಹೂಂ, ಎರಡೇ. ಈಗ ಆಕೆಯ ರಿಪೋರ್ಟ್ ಸರಿಯಾಗಿದೆ. ಮಾತ್ರೆಯಿಂದ ಅಂತ ಡಾಕ್ಟರು, ಕೂಗಿನಿಂದ ಅಂತ ಮೇಡಂ. ನಾನು ಕಣ್ಣಾರೆ ಕಂಡಿದ್ದನ್ನಷ್ಟೇ ಹೇಳ್ತೀನಿ.

ಮೊದಲ ಸಲ ಫಾರಂ ತುಂಬಿಸುವಾಗ ಗಂಡನ ಹೆಸರು ಕೇಳಿದೆ. ಆಕೆ ತಲೆ ತಗ್ಗಿಸಿದ್ಲು. ಗಂಡನ ಹೆಸರು ಬಾಯಲ್ಲಿ ಹೇಳದ ಕಾಲದವಳು.

"ಸುಳಿವಾದ್ರೂ ಕೊಡಿ" ಅಂದೆ.

ಗೋಡೆ ಕಡೆ ತಿರುಗಿ, "ಮಲಗಿರೋ ದೇವ್ರು" ಅಂದ್ಲು.

"ರಂಗನಾಥನಾ? ರಂಗಪ್ಪನಾ?"

ಎರಡನೇದಕ್ಕೆ ತಲೆ ಆಡಿಸಿ, ಸೆರಗಲ್ಲಿ ಮುಖ ಮುಚ್ಕೊಂಡ್ಲು.

ಅಂಥವಳಿಗೆ ಮೇಡಂ ಹೇಳಿದ್ದು ಇದು: ಬಯಲಲ್ಲಿ ನಿಂತು, ಜೀವಮಾನದಲ್ಲಿ ಬಾಯಿಗೇ ತಾರದ ಮಾತು ಯಾವುದೋ ಅದನ್ನ ಗಟ್ಟಿಯಾಗಿ ಕೂಗಿ. ಒಬ್ಬಳೇ ಹೋಗೋಕೆ ಭಯ. ನಾನು ಸ್ಯಾಂಪಲ್‌ಗೆ ಹೋದ ಬೆಳಿಗ್ಗೆ, "ಮೇಡಂ, ನೀವೂ ಬನ್ನಿ" ಅಂತ ನನ್ನ ಕೈ ಹಿಡ್ಕೊಂಡ್ಲು. ಇಲ್ಲ ಅನ್ನಲಾರದೆ ಜೊತೆಗೆ ಹೊರಟೆ. ಕೆರೆ ಏರಿ ಮೇಲೆ ನರಪಿಳ್ಳೆಯೂ ಇರಲಿಲ್ಲ. ಮುಂದೆ ಅಷ್ಟಗಲ ನೀರು. ಹಿಂದೆ, ಏರಿ ಕೆಳಗೆ ತೆಂಗಿನ ತೋಟಗಳು.

ಮೊದಲ ಸಲ ಬಾಯಿ ತೆರೆದಾಗ ಬರೀ ಗಾಳಿ ಬಂತು. ಎರಡನೇ ಸಲ ಕೆಮ್ಮು. "ಆಗಲ್ಲ ಬಿಡಿ" ಅಂದು ಆಕೆ ಕಣ್ಣು ತುಂಬಿಕೊಂಡ್ಲು. "ಇನ್ನೊಂದೇ ಸಲ" ಅಂದೆ. ಆಕೆ ಸೆರಗು ಸೊಂಟಕ್ಕೆ ಸಿಗಿಸಿ, ಕಣ್ಣು ಮುಚ್ಚಿ, ಕೂಗಿದ್ಲು ನೋಡಿ:

"ಲೋ ರಂಗಾ...!"

ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದ್ವು. ನನ್ನ ಕೈಲಿದ್ದ ಸ್ಯಾಂಪಲ್ ಡಬ್ಬಿ ಬಿದ್ದು ಹೋಗ್ತಿತ್ತು. ಆಕೆ ತನ್ನ ದನಿಗೆ ತಾನೇ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ್ಲು. ಆಗ ಏರಿ ಕೆಳಗಿನ ತೋಟದಿಂದ ಉತ್ತರ ಬಂತು.

"ಓ...! ಬಂದೆ ಕಣವ್ವಾ!"

ಗಿಡಗಂಟಿ ತಳ್ಳಿಕೊಂಡು ಏರಿ ಹತ್ತಿ ಬಂದಿದ್ದು ಆಕೆಯ ಗಂಡನೇ. ತೋಟಕ್ಕೆ ನೀರು ಕಟ್ಟೋಕೆ ಬಂದಿದ್ನಂತೆ. ಮಂಡಿವರೆಗೂ ಕೆಸರು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ. ಏದುಸಿರು ಬಿಡ್ತಾ ಸುತ್ತ ನೋಡಿ, "ಅವ್ವ ಎಲ್ಲಿ?" ಅಂದ.

ಆತನ ಅವ್ವ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು.

ಹೇಳಿದ ಮೇಲೆ ಅದು ಆತನಿಗೂ ಹೊಳೆದಿರಬೇಕು. ಹೆಂಡ್ತಿ ಕಡೆ ತಿರುಗಿದ. ಆಕೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ಲು, ಭುಜ ಮಾತ್ರ ಕುಣೀತಿತ್ತು. ಅಳ್ತಿದಾಳೆ ಅನ್ಕೊಂಡು ನಾನು ಹತ್ತಿರ ಹೋದ್ರೆ, ನಗು!

"ನೀನಾ ಕೂಗಿದ್ದು?"

"ಹೂಂ."

ಬೈತಾನೇನೋ ಅಂತ ನಾನು ಆಕೆಯ ಮುಂದೆ ಬಂದು ನಿಂತೆ. ಆತ ಬೈಯಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡಿ ಹೇಳಿದ:

"ಅಲ್ಲ ಮೇಡಂ, ಹನ್ನೆರಡು ವರ್ಷದಿಂದ ಯಾರಿಗೂ ಹೆದರದೆ ಆರಾಮಾಗಿದ್ದೆ. ಅದಕ್ಕೂ ಕಲ್ಲು ಹಾಕಿಬಿಟ್ರಲ್ಲ!"