ಸುಂಕ ಇರಲಿ ಎಂದ ನಮ್ಮ ಭಾವ

ಸುಂಕ ಬೇಡ ಎನ್ನುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ನಾನೂ ಕಂಡಿದ್ದೇನೆ, ಕನ್ನಡಿ ನೋಡಿದಾಗೆಲ್ಲ ಒಬ್ಬ ಕಾಣುತ್ತಾನೆ. ಆದರೆ ಸರಕಾರದ ಮುಂದೆ ಎರಡೂ ಕೈ ಜೋಡಿಸಿ ನಿಂತು, “ಸುಂಕ ತೆಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ” ಎಂದು ಬೇಡಿಕೊಂಡವರನ್ನು ಕಂಡಿದ್ದೀರಾ? ಇಡೀ ನಿಜಾಮರ ಸೀಮೆಯಲ್ಲಿ ಅಂಥವರು ಒಬ್ಬರೇ ಇದ್ದರು. ಅವರು ಬೇರೆ ಯಾರಿಗಾದರೂ ಸಂಬಂಧಿಕರಾಗಬಾರದಿತ್ತೇ? ಇಲ್ಲ, ನನ್ನ ಹೆಂಡತಿಯ ಅಣ್ಣನೇ ಆಗಬೇಕಾಯಿತು!

ಭಾವನ ಊರು ಕಲ್ಯಾಣಿ. ಈಗ ಬಸವಕಲ್ಯಾಣ ಎನ್ನುತ್ತಾರಲ್ಲ, ಅದೇ. ಅಲ್ಲಿಯ ಬಜಾರಿನಲ್ಲಿ ಅವರದು ತಗಡಿನ ಅಂಗಡಿ. ಡಬ್ಬಿ, ಟ್ರಂಕು, ಚಿಮಣಿ ಬುಡ್ಡಿ ಮಾಡುತ್ತಿದ್ದರು. ಬೆಳಗಿನಿಂದ ಸಂಜೆಯತನಕ ತಗಡು ಬಡಿಯುವ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಅವರಿಗೆ ಪ್ರತಿಯೊಂದು ಅಕ್ಷರವನ್ನೂ ಎಳೆಯುವ ಅಭ್ಯಾಸವಾಗಿತ್ತು. ಅವರ ಬಾಯಲ್ಲಿ ಹ್ರಸ್ವ ಎಂಬುದೇ ಇರಲಿಲ್ಲ. “ಬಾರ್ರೀ ಮಾಸ್ತಾರಾ, ಚಾಹಾ ಕೂಡೀಯೋಣಾ” ಎಂದರೆ ಚಹ ಆರಿದ ಮೇಲೆಯೇ ಆ ಮಾತು ಮುಗಿಯುತ್ತಿತ್ತು. ಆ ಎಳೆತವನ್ನೆಲ್ಲ ಬರೆಯಹೋದರೆ ಈ ಕಥೆಯೂ ಮುಗಿಯುವುದಿಲ್ಲ, ಅದಕ್ಕೇ ಮುಂದೆ ಅವರ ಮಾತನ್ನು ಮೊಟಕು ಮಾಡಿಯೇ ಹೇಳುತ್ತೇನೆ. ನಾನು ಹುಮನಾಬಾದಿನ ಶಾಲೆಯಲ್ಲಿ ಉರ್ದು ಮಾಸ್ತರ. ಹ್ರಸ್ವ ದೀರ್ಘ ತಪ್ಪಿದ ಹುಡುಗರ ಕಿವಿ ಹಿಂಡಿ ಹೊಟ್ಟೆ ಹೊರೆಯುವವನು. ಭಾವನ ಕಿವಿ ಹಿಂಡಲು ಬರುತ್ತದೆಯೇ?

ಇಂಥ ಭಾವ ತಗಡಿನ ಡಬ್ಬಿ ಬಿಟ್ಟು ನೀರಿನ ನಳದ, ಅಂದರೆ ಕೊಳವೆಯ, ಹಿಂದೆ ಬಿದ್ದದ್ದು ನನ್ನ ಹೆಂಡತಿಯ ಕೈಯಿಂದಾಗಿ. ನಮ್ಮ ಹಿತ್ತಿಲ ಹಿಂದೆ ಒಂದು ದಿಬ್ಬ. ದಿಬ್ಬದ ಮೇಲೆ ಗೌಡರ ತೋಟ. ಅಲ್ಲಿ ಎತ್ತು ಹೂಡಿ ಬಾವಿಯಿಂದ ನೀರೆತ್ತಿ ಕಲ್ಲಿನ ತೊಟ್ಟಿಗೆ ಸುರಿಯುತ್ತಿದ್ದರು. ಕುಡಿಯುವ ನೀರಿಗೆ ಓಣಿಯ ಹೆಂಗಸರೆಲ್ಲ ಆ ತೊಟ್ಟಿಗೇ ಹೋಗಬೇಕು. ಒಂದು ಮಳೆಗಾಲದಲ್ಲಿ ನನ್ನವಳು ಕೊಡ ಹೊತ್ತು ಇಳಿಯುವಾಗ ಜಾರಿ ಬಿದ್ದಳು. ಕೊಡ ಉಳಿಯಿತು, ಮುಂಗೈ ಮುರಿಯಿತು. ನೋಡಲು ಬಂದ ಭಾವ ಅವಳ ಕಟ್ಟು ಹಾಕಿದ ಕೈ ಹಿಡಿದು, “ತಂಗೀ, ತೊಟ್ಟೀ ನೀರು ನಿನ್ನ ಅಡಗೀ ಮನೀ ಬಾಗಿಲಿಗೇ ತರತೀನಿ. ನನ್ನ ಕೈಯಾರೆ ಮಾಡಿದ ನಳದಾಗ ತರತೀನಿ” ಎಂದರು.

“ಭಾವಾರ, ಬಜಾರದಾಗ ವಿಲಾಯತಿ ಕಬ್ಬಿಣದ ನಳಾ ಸಿಗತಾವ್ರಿ” ಎಂದೆ. ನನ್ನ ಬಾಯಿ ಸುಮ್ಮನಿರಬಾರದೇ?

ಭಾವ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಕೈ ಮುರಿದದ್ದು ನಾನೇ ಎನ್ನುವಂತಿತ್ತು. “ಮಾಸ್ತರ್ರ, ತಂಗೀಗೆ ಮಾತು ಕೊಟ್ಟಾಂವ ನಾ. ವಿಲಾಯತಿಯಾಂವ ಅಲ್ಲ!”

ಅಲ್ಲಿಂದ ಶುರುವಾಯಿತು ನೋಡಿ. ಭಾವ ತಗಡನ್ನು ಸುರುಳಿ ಸುತ್ತಿ, ಬೆಸುಗೆ ಹಾಕಿ, ನಳ ಮಾಡಿಕೊಂಡು ಗಾಡಿಯಲ್ಲಿ ಹೇರಿಕೊಂಡು ಬಂದರು. ತೊಟ್ಟಿಯಿಂದ ನಮ್ಮ ಹಿತ್ತಿಲಿಗೆ ಜೋಡಿಸಿದರು. ಓಣಿಯೇ ಸೇರಿತ್ತು. ತೊಟ್ಟಿಯ ಬಾಯಿ ಬಿಚ್ಚಿದರು. ನೀರು ಹೊರಟದ್ದು ಖಂಡಿತ, ಅದಕ್ಕೆ ನಾನೇ ಸಾಕ್ಷಿ. ಆದರೆ ನಮ್ಮ ಮನೆಗೆ ಮಾತ್ರ ಬರಲಿಲ್ಲ. ದಾರಿಯುದ್ದಕ್ಕೂ ಪ್ರತಿ ಬೆಸುಗೆಯಿಂದ ಪಿಚಕಾರಿ ಹಾರಿತು. ಆಡುಗಳು ಬಂದು ಸಾಲಾಗಿ ನಿಂತು ಕುಡಿದವು. ನೆರೆಮನೆಯ ಅಜ್ಜಿ ಹೊದ್ದ ಸೆರಗು ಹಿಂಡುತ್ತಾ ಶಾಪ ಹಾಕಿದಳು. ಗೌಡರು ಮಾತ್ರ ಗಂಭೀರವಾಗಿ, “ಇದನ್ನ ನಮ್ಮ ಮೆಣಸಿನಕಾಯಿ ಮಡೀಗೆ ಹಾಕಿಕೊಡ್ರಿ, ಭಾಳ ಛಲೋ ಆಗತದ” ಎಂದರು. ಭಾವ ಅದನ್ನು ಹೊಗಳಿಕೆ ಎಂದೇ ತಿಳಿದರು!

ಎರಡನೆಯ ಸಲ ಬೆಸುಗೆ ದಪ್ಪವಾಯಿತು, ನೀರು ಅರ್ಧ ದಿಬ್ಬಕ್ಕೆ ಬಂತು. ಮೂರನೆಯ ಸಲ ಇನ್ನೂ ಸ್ವಲ್ಪ ಕೆಳಗೆ ಬಂತು. ಭಾವ ಅಷ್ಟಷ್ಟೇ ಗೆಲ್ಲುತ್ತಿದ್ದರು, ಸುಳ್ಳು ಹೇಳಬಾರದು. ಈ ನಡುವೆ ನನ್ನವಳು ಮತ್ತೆ ಕೊಡ ಹೊರುತ್ತಿದ್ದಳು. ಮುರಿದ ಕೈ ಸೊಟ್ಟಗೇ ಕೂಡಿತ್ತು. ನಾನೊಮ್ಮೆ ಕೊಡ ಹೊತ್ತುಕೊಂಡು ಹೋದರೆ ಶಾಲೆಯ ಹುಡುಗರು ಎದುರಾಗಿ “ಸಲಾಂ ಮಾಸ್ತರ” ಎಂದರು. ಸಲಾಂ ಮಾಡಹೋಗಿ ಕೊಡ ಒಡೆದೆ. ವಿಲಾಯತಿ ನಳ ತರುತ್ತೇನೆ ಎಂದರೆ ಅವಳು, “ಅಣ್ಣ ಮಾತು ಕೊಟ್ಟಾನ. ಅಂವ ಸೋತು ಅಂಗಡಿ ಮುಚ್ಚಿಕೊಂಡು ಕುಂದರೂದು ನನಗ ಬ್ಯಾಡ. ನಾ ತಡೀತೀನಿ” ಎನ್ನುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಹುಟ್ಟಿತು: ಹೊರಗಿನಿಂದ ಬರುವ ಕಬ್ಬಿಣದ ಸಾಮಾನಿನ ಮೇಲಿನ ಹೆಚ್ಚಿನ ಸುಂಕವನ್ನು ಸರಕಾರ ತೆಗೆಯುತ್ತದಂತೆ! ನಳ ಅಗ್ಗವಾಗುತ್ತದೆ ಎಂದು ಊರೆಲ್ಲ ಕುಣಿಯಿತು. ಭಾವ ಮಾತ್ರ ಅನ್ನ ಬಿಟ್ಟು ನಮ್ಮ ಮನೆಗೆ ಓಡಿಬಂದರು.

“ಮಾಸ್ತರ್ರ, ಆ ವಿಲಾಯತಿಯಾಂವ ತನ್ನ ಊರಾಗ ಮಾರೂಕಿಂತ ನಮ್ಮೂರಾಗ ಅಗ್ಗ ಮಾರಾಕತ್ತಾನ. ಯಾಕ ಹೇಳ್ರಿ?”

“ನಮ್ಮ ಮ್ಯಾಲ ಪ್ರೀತಿರೀ?”

“ಪ್ರೀತಿ ಅಲ್ಲ! ನಾ ಅಂಗಡಿ ಮುಚ್ಚಲಿ ಅಂತ. ನಾ ಮುಚ್ಚಿದ ಮ್ಯಾಲ ಕೇಳಿದಷ್ಟು ರೊಕ್ಕ ತಗೋತಾನ.”

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅವ್ವ ತಲೆ ಎತ್ತಿದಳು. “ಅಂದ್ರ ನೀ ಅಂಗಡಿ ಮುಚ್ಚೂತನಕ ಅಗ್ಗ ಕೊಡತಾನಲ್ಲಪ್ಪಾ?”

“ಹೌದ್ರಿ ಅತ್ತೀ.”

“ಹಂಗಾರ ನೀ ಮುಚ್ಚಲೇಬ್ಯಾಡ. ನಾವು ಅವನ ಹತ್ರ ತಗೋತೀವಿ!”

ಭಾವ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ನಾನೂ ಲೆಕ್ಕ ಹಾಕಿ ನೋಡಿದೆ. ಅವ್ವ ಹೇಳಿದ್ದು ಸರಿಯೋ, ಭಾವ ಹೇಳಿದ್ದು ಸರಿಯೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಗ್ಗವಾಗಿ ಕೊಡುವವನು ಕಳ್ಳ, ತುಟ್ಟಿಯಾಗಿ ಸೋರುವ ನಳ ಕೊಡುವವನು ನಮ್ಮವನು! ಕೊನೆಗೆ ಭಾವ ಮೆಲ್ಲನೆ ಹೇಳಿದರು: “ಜನ್ಮವಿಡೀ ಸುಂಕ ಇರಲಿ ಅನ್ನೂದಿಲ್ಲ ಮಾಸ್ತರ. ನನ್ನ ನಳಾ ಸೋರೂದು ನಿಲ್ಲೂತನಕ ಇರಲಿ. ಅಷ್ಟ ನಾ ಕೇಳೂದು.”

ಆಮೇಲೆ ಭಾವನ ಕಾವಲು ಶುರುವಾಯಿತು. ಸೊಲ್ಲಾಪುರ ರಸ್ತೆಯ ಸುಂಕದ ನಾಕಾದಲ್ಲಿ, ಪಗಾರವಿಲ್ಲದ ನೌಕರನ ಹಾಗೆ ಹೋಗಿ ಕೂತರು. ಸುಂಕ ತಪ್ಪಿಸಿ ನಳ ಒಳಗೆ ಬರಬಾರದಲ್ಲ! ಬಂದ ಗಾಡಿಯ ಹುಲ್ಲೆಲ್ಲ ತಡವಿದರು. ಒಂದು ಮದುವೆಯ ದಿಬ್ಬಣದ ಗಾಡಿಯಲ್ಲಿ ಬಟ್ಟೆ ಸುತ್ತಿದ ಉದ್ದನೆಯದೇನೋ ಕೈಗೆ ಸಿಕ್ಕಿತು. “ನಳಾ! ನಳಾ!” ಎಂದು ಕೂಗಿದರು. ಬಿಚ್ಚಿ ನೋಡಿದರೆ ಸನಾದಿ. ಅಷ್ಟಕ್ಕೇ ಬಿಟ್ಟರೇ? “ಒಳಗ ಪೊಳ್ಳು ಅದ, ಎರಡೂ ಕಡೆ ತೂತು ಅದ, ನಳಾ ಅಲ್ಲದ ಮತ್ತೇನು?” ಎಂದು ವಾದಕ್ಕೆ ನಿಂತರು. ಸನಾದಿಯವ ಅಲ್ಲೇ ಊದಿ ತೋರಿಸಬೇಕಾಯಿತು. ನಾಕಾದವರು ನಕ್ಕು ನಕ್ಕು ಗಾಡಿ ಬಿಟ್ಟರು. ಭಾವ ಮಾತ್ರ, “ನೀರು ಹಾಕಿ ನೋಡಬೇಕಿತ್ತು” ಎಂದು ಗೊಣಗಿದರಂತೆ.

ಕೊನೆಗೆ ಸುಂಕದ ತೀರ್ಮಾನದ ದಿನ ಬಂತು. ಸುಂಕದ ಇಲಾಖೆಯ ದೊಡ್ಡ ಸಾಹೇಬರು ಹುಮನಾಬಾದಿನ ಬಂಗಲೆಯಲ್ಲಿ ಇಳಿದರು. ನಳ, ಲಾಳ, ಮೊಳೆ, ಸರಪಳಿ, ಯಾವುದರ ಮೇಲೆ ಸುಂಕ ಇರಬೇಕು, ಯಾವುದರ ಮೇಲೆ ಬೇಡ ಎಂದು ಜನರನ್ನು ಕೇಳಿ ತೀರ್ಮಾನಿಸುತ್ತಾರಂತೆ. ವ್ಯಾಪಾರಿಗಳೆಲ್ಲ ಒಂದೇ ಕಂಠದಲ್ಲಿ ಬೇಡ ಎಂದರು. ಇರಲಿ ಎನ್ನಲು ಎದ್ದು ನಿಂತವರು ಭಾವ ಒಬ್ಬರೇ. ಹೊಸ ರುಮಾಲು ಸುತ್ತಿದ್ದರು. ಮಾತು ನಡೆದದ್ದು ಉರ್ದುವಿನಲ್ಲಿ. ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಆದರೆ ಒಂದು ಶಬ್ದ ಮಾತ್ರ ನೀವು ಉರ್ದುವಿನಲ್ಲೇ ತಿಳಿದುಕೊಳ್ಳಬೇಕು. ‘ನಲ್’ ಅಂದರೆ ನೀರಿನ ನಳ. ‘ನಾಲ್’ ಅಂದರೆ ಎತ್ತು, ಕುದುರೆಗಳ ಕಾಲಿಗೆ ಬಡಿಯುವ ಲಾಳ. ನಮ್ಮ ಭಾವನ ಬಾಯಲ್ಲಿ ಹ್ರಸ್ವ ಇಲ್ಲ ಎಂದು ಹೇಳಿದೆನಲ್ಲ!

“ಹುಜೂರ್, ಹೊರಗಿನ ನಾಲ್ ಮ್ಯಾಲಿನ ಸುಂಕ ತೆಗೀಬಾರದು!” ಎಂದರು ಭಾವ.

ನಾನು ಹಣೆ ಬಡಿದುಕೊಂಡೆ.

“ನಿನ್ನ ನಾಲ್ ಎಷ್ಟು ದಿನ ಬಾಳತದ?” ಎಂದರು ಸಾಹೇಬರು.

“ವರ್ಷಗಟ್ಟಲೆ ಹುಜೂರ್.”

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. “ವರ್ಷಗಟ್ಟಲೆ? ಕಲ್ಲಿನ ರಸ್ತೆಯಲ್ಲಿ?”

“ಕಲ್ಲಿರಲಿ, ಮಣ್ಣಿರಲಿ. ನೆಲದಾಗ ಹೂಳಿದರೂ ಏನಾಗೂದಿಲ್ಲ!”

“ಹೂಳೂದು ಯಾಕ?”

“ಹೂಳದಿದ್ದರ ಮಂದಿ ತುಳೀತಾರ ಹುಜೂರ್!”

ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಛಾವಣಿ ನೋಡಿದ. “ಒಂದು ಮನೆಗೆ ಎಷ್ಟು ಬೇಕಾಗತಾವ?”

“ಸಣ್ಣ ಮನೀಗೆ ನಲವತ್ತು. ದೊಡ್ಡ ಮನೀಗೆ ನೂರೂ ಆಗತಾವ.”

“ಯಾ ಅಲ್ಲಾಹ್! ಇಷ್ಟೊಂದು ದನ ಸಾಕತಾರಾ ಈ ಊರಾಗ!”

ನಾನು ತಡೆಯಲಾರದೆ ಎದ್ದು, “ಹುಜೂರ್, ಇವರು ಹೇಳೋದು ನಾಲ್ ಅಲ್ಲ, ನಲ್...” ಎಂದೆ. ಭಾವ ಗರ್ರನೆ ತಿರುಗಿದರು. “ಮಾಸ್ತರ್ರ, ಕೂಡ್ರಿ! ನಿಮಗ ವಿಲಾಯತಿ ನಳಾ ಬೇಕಾಗೇದಂತ ನನಗ ಗೊತ್ತದ. ತುಂಬಿದ ಸಭಾದಾಗ ನನ್ನ ಕಾಲು ಜಗ್ಗಬ್ಯಾಡ್ರಿ!” ಸಭೆ ಹೋ ಎಂದು ನಕ್ಕಿತು. ನಾನು ಕೂತೆ. ಮತ್ತೇನು ಮಾಡಲಿ ಹೇಳಿ?

ಹುಕುಂ ಬಂತು. ಲಾಳದ ಮೇಲಿನ ಸುಂಕ ಉಳಿಯಿತು. ನಳದ ಪರವಾಗಿ ಯಾರೂ ಮಾತಾಡದ ಕಾರಣ ನಳದ ಸುಂಕ ಹೋಯಿತು!

ಕಲ್ಯಾಣಿಯಲ್ಲಿ ಲಾಳ ಬಡಿಯುವ ನಾಲಬಂದರೆಲ್ಲ ಸೇರಿ ಭಾವನ ಅಂಗಡಿಗೆ ಹಲಗೆ ಬಾರಿಸಿಕೊಂಡು ಬಂದರು. ಕೊರಳು ಕಾಣದಷ್ಟು ಹೂವಿನ ಹಾರ ಹಾಕಿದರು. “ನಮ್ಮ ಹೊಟ್ಟೀ ಉಳಿಸಿದ್ರಿ, ಅಣ್ಣಾವರ” ಎಂದು ಒಬ್ಬ ಮುದುಕ ಕೈ ಮುಗಿದನಂತೆ. ಭಾವನಿಗೆ ತಲೆಬುಡ ತಿಳಿಯಲಿಲ್ಲ. ತಾವು ಗೆದ್ದರೋ ಸೋತರೋ ಎಂದು ಕೇಳಲು ಆ ಹಾರಗಳಲ್ಲೇ ಹುಮನಾಬಾದಿಗೆ ಬಂದರು. ನಾನು ಹ್ರಸ್ವ ದೀರ್ಘದ ಪಾಠ ಹೇಳಿದೆ. ಎಲ್ಲವನ್ನೂ ಕೇಳಿದರು. ಸಿಟ್ಟು ಮಾಡಲಿಲ್ಲ. “ಹೋಗಲಿ ಬಿಡ್ರಿ, ಯಾರದೋ ಹೊಟ್ಟಿ ತುಂಬಿತಲ್ಲ. ಇನ್ನೊಂದು ಸಲ ಬೆಸುಗಿ ಹಾಕಿ ನೋಡತೀನಿ” ಎಂದರು.

ಅದೇ ಹೊತ್ತಿಗೆ ಹಿತ್ತಿಲ ಕಡೆಯಿಂದ ಬಳೆಯ ಸದ್ದಾಯಿತು. ನನ್ನವಳು ದಿಬ್ಬ ಇಳಿಯುತ್ತಿದ್ದಳು. ಭಾವ ಮನೆಗೆ ಬಂದು ತುಂಬಾ ದಿನವಾಗಿತ್ತು, ಸಾಹೇಬರ ಸಭೆಯಿಂದಲೂ ನೇರ ಕಲ್ಯಾಣಿಗೇ ಹೋಗಿದ್ದರು, ಅವರಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವಳು ಬಸುರಿಯಾಗಿದ್ದಳು. ಹೊಟ್ಟೆ ಆಗಲೇ ಕಾಣುತ್ತಿತ್ತು. ಒಂದು ಕೈಯಿಂದ ತಲೆಯ ಮೇಲಿನ ಕೊಡ ಹಿಡಿದು, ಸೊಟ್ಟ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ನಾನು ಓಡಿಹೋಗಿ ಕೊಡ ಇಳಿಸಿಕೊಂಡೆ. ಭಾವ ದಿಬ್ಬದ ಬುಡದಲ್ಲಿ ನಿಂತು ಅವಳ ಕಾಲನ್ನೇ ನೋಡುತ್ತಿದ್ದರು. “ಅಣ್ಣಾ, ಯಾವಾಗ ಬಂದಿ? ಊಟ ಮಾಡು ಬಾ” ಎಂದಳು. ಭಾವ ಊಟ ಮಾಡಲಿಲ್ಲ. ಹಾರ ತೆಗೆದು ನನ್ನ ಕೈಗೆ ಕೊಟ್ಟು ಹೊರಟುಬಿಟ್ಟರು.

ವಾರ ಕಳೆದಿರಲಿಲ್ಲ, ಬೆಳಗಾಗುತ್ತಲೇ ಮನೆಯ ಮುಂದೆ ಗಾಡಿ ನಿಂತಿತು. ತುಂಬ ನಳ, ಕೆಂಪು ಬಣ್ಣ ಇನ್ನೂ ಹಸಿ. ಭಾವ ಯಾರೊಡನೆಯೂ ಮಾತಾಡದೆ ಜೋಡಿಸುತ್ತಾ ಬಂದರು. ತೊಟ್ಟಿ ಬಿಚ್ಚಿದರು. ನೀರು ದಿಬ್ಬ ಇಳಿದು, ಹಿತ್ತಿಲು ದಾಟಿ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿತು. ನಡುವೆ ಒಂದು ಹನಿ ಸೋರಲಿಲ್ಲ. ಓಣಿಯ ಹೆಂಗಸರು ಚಪ್ಪಾಳೆ ಹೊಡೆದರು. “ನಿಮ್ಮಣ್ಣ ಕಡೀಗೂ ಗೆದ್ದಾನ ನೋಡವ್ವಾ!”

ನಾನು ಬಗ್ಗಿ ನಳ ನೋಡಿದೆ. ಪ್ರತಿ ನಳದ ಮೇಲೂ ಒಂದು ಕಡೆ ಅರದಿಂದ ಉಜ್ಜಿದ ಗುರುತು. ವಿಲಾಯತಿ ನಳಗಳ ಮೇಲೆ ಉಬ್ಬಕ್ಷರದಲ್ಲಿ ಕಂಪನಿಯ ಹೆಸರು ಇರುತ್ತಿದ್ದುದು ಅಲ್ಲಿಯೇ. ನನ್ನವಳೂ ಆ ಜಾಗದ ಮೇಲೆ ಬೆರಳಾಡಿಸಿದಳು. ಬೆರಳು ತುಸು ನಿಂತಿತು. ಆಮೇಲೆ ತಲೆ ಎತ್ತಿ ಎಲ್ಲರಿಗೂ ಕೇಳುವಂತೆ, “ಹೌದವ್ವಾ, ನಮ್ಮಣ್ಣನ ಕೈಯಾಂದು” ಎಂದಳು.

ಹೆಂಗಸರು ಹೋದರು. ಭಾವ ಇನ್ನೂ ನೆಲ ನೋಡುತ್ತಾ ನಿಂತಿದ್ದರು. ಇವಳು ಹತ್ತಿರ ಹೋಗಿ, ಪಿಸುದನಿಯಲ್ಲಿ, “ಅಣ್ಣಾ, ನಿನ್ನ ನಳಾ ಅಂದಮ್ಯಾಲ ಒಂದೀಟರೆ ಸೋರಬೇಕಿತ್ತಲ್ಲೋ” ಎಂದಳು.

ಭಾವ ಈಗ ತಲೆ ಎತ್ತಿದರು. “ನನ್ನ ನಳಾ ಯಾವಾಗರೆ ಆಗಲಿ ತಂಗೀ. ನಿನ್ನ ಕಾಲು ಜಾರಬಾರದು” ಎಂದರು. ಒಂದಕ್ಷರವನ್ನೂ ಎಳೆಯಲಿಲ್ಲ.

ಅವರ ಎರಡೂ ಕೈ ಅರದ ಪುಡಿಯಿಂದ ಕಪ್ಪಾಗಿದ್ದವು, ಬೆರಳ ಸಂದಿಯಲ್ಲೆಲ್ಲ ಚರ್ಮ ಕಿತ್ತುಹೋಗಿತ್ತು. ಇವಳು ಆ ನಳದ ಬಾಯಿಗೆ ತಂಬಿಗೆ ಹಿಡಿದು ತುಂಬಿಸಿದಳು. ಅಷ್ಟು ದಿನ ದಾರಿ ನೋಡಿ ಪಡೆದ ನೀರು. ಮೊದಲ ತಂಬಿಗೆ ದೇವರ ಮುಂದಿಡುತ್ತಾಳೆ ಎಂದುಕೊಂಡೆ. ಅವಳು ಅಣ್ಣನ ಕಡೆ ತಿರುಗಿದಳು. “ಕೈ ಹಿಡಿ, ತೊಳೀತೀನಿ” ಎಂದಳು.